ಬರೇ ಕೈಲೆ ಹೊಂಟ್ರೇನ್ರಿ?

ಹೊಸಪೇಟೆಯ ಹೋಟೆಲುಗಳಲ್ಲಿ ಊಟ ಮುಗಿಯುವುದು ಕೈ ತೊಳೆದಾಗಲ್ಲ, ಗಲ್ಲಾ ದಾಟಿದಾಗ. ಬಾಯಿಗೆ ಸೋಂಪು ಹಾಕಿಕೊಂಡು, ಬಿಲ್ಲು ಹಿಡಿದು ಬಂದವರ ಎದುರು ಅಲ್ಲೊಂದು ಕೋಟೆ ಎದ್ದಿರುತ್ತದೆ: ಶೇಂಗಾ ಚಿಕ್ಕಿ, ಕೋಡುಬಳೆ, ನಿಪ್ಪಟ್ಟು, ಖಾರದ ಅವಲಕ್ಕಿ, ಮಸಾಲೆ ಶೇಂಗಾ, ಮೇಲಿಂದ ಇಳಿಬಿಟ್ಟ ಚಿಪ್ಸ್ ಪೊಟ್ಟಣಗಳ ಸರ. ಅದರ ಸಂದಿಯಲ್ಲಿ ನಗುವ ಮುಖವೇ ಗಲ್ಲಾ ಯಜಮಾನರು. ಸಂಡೂರಿನಲ್ಲೂ ಕಂಪ್ಲಿಯಲ್ಲೂ ಇಂಥವರಿದ್ದಾರೆ. ನನ್ನ ಪಾಲಿಗೆ ಬಂದವರು ಬಸ್ ಸ್ಟ್ಯಾಂಡ್ ಕಡೆಯವರು. ಹೋಟೆಲಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಒಗ್ಗರಣಿ-ಮಿರ್ಚಿಗೆ ನಾನು ಎಲ್ಲಿಗೆ ಹೋಗಲಿ?

ಗಿರಾಕಿ ಎತ್ತ ಹೊರಟಿದ್ದಾನೆ ಎನ್ನುವುದನ್ನು ನೋಡಿ ಅವರ ಕೈ ಪೊಟ್ಟಣದ ಕಡೆ ಹೋಗುತ್ತದೆ. ಸಂಡೂರಿನ ಅದಿರು ಲಾರಿ ಡ್ರೈವರಿಗೆ ಮಸಾಲೆ ಶೇಂಗಾ: “ನಿದ್ದಿ ಬಂದ್ರ ನಾಕು ಕಾಳು ಬಾಯಾಗ ಹಾಕ್ಕೋ ತಮ್ಮಾ.” ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರಿಗೆ ಹೊರಟ ಸಂಸಾರಕ್ಕೆ ಚಕ್ಕುಲಿ: “ಗುಂತಕಲ್ಲಿನಾಗ ಮಗು ಎದ್ದು ಹಸಿವು ಅಂದ್ರ ಏನ್ ಕೊಡ್ತೀರವ್ವಾ?” ಮಾತಂಗ ಬೆಟ್ಟ ಹತ್ತಲು ಬಂದ ಬಿಳಿಯರಿಗೆ ಚಿಕ್ಕಿ ತೋರಿಸಿ, ತೋಳು ಮಡಚಿ, “ಪ್ರೋಟೀನ್, ಪ್ರೋಟೀನ್” ಎನ್ನುತ್ತಾರೆ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ ಎಷ್ಟು ತೆಗೆದಿದ್ದಾರೆ ಎಂಬುದು ಅವರಿಗೆ ಸದಾ ಗೊತ್ತಿರುತ್ತದೆ. ನೀರು ನೋಡಲು ಜನ ಬಂದರೆಂದರೆ ಚಿಪ್ಸ್ ಸರ ಉದ್ದವಾಗುತ್ತದೆ. ಅವರ ಆಟ ನಡೆಯದಿರುವುದು ಕಂಪ್ಲಿಯ ಭತ್ತದ ವ್ಯಾಪಾರಿಗಳ ಮುಂದೆ ಮಾತ್ರ. “ಹತ್ತು ತಗೊಂಡ್ರ ಎಷ್ಟಕ್ಕ ಬಿಡ್ತಿ?” ಎಂದು ಅವರು ಕೇಳಿಬಿಡುತ್ತಾರೆ.

ಮೊದಲು ಇವರ ಆಯುಧ ಚಿಲ್ಲರೆಯಾಗಿತ್ತು. ಬರಬೇಕಾದ ಐದು ರೂಪಾಯಿಯ ಬದಲು ಒಂದು ಚಿಕ್ಕಿ ಅಂಗೈಗೆ ಬೀಳುತ್ತಿತ್ತು. ಡ್ರಾಯರಿನಲ್ಲಿ ನಾಣ್ಯ ಝಣಝಣ ಎನ್ನುತ್ತಿದ್ದರೂ “ಚಿಲ್ರಿ ಇಲ್ರಿ” ಎನ್ನುವಾಗ ಅವರ ಮುಖದಲ್ಲಿ ಹರಿಶ್ಚಂದ್ರನ ಕಳೆ. 2016ರಲ್ಲಿ ಯುಪಿಐ ಬಂತು. ಕ್ರಮೇಣ ಗಲ್ಲಾದ ಮೇಲೂ ಕ್ಯೂಆರ್ ಹಲಗೆ ನಿಂತಿತು. 85 ಎಂದರೆ 85, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇನ್ನು ನನಗೆ ಚಿಕ್ಕಿಯಿಂದ ಬಿಡುಗಡೆ ಎಂದು ಒಳಗೊಳಗೇ ಹಿಗ್ಗಿದೆ.

ಆ ದಿನ ಮಸಾಲೆ ದೋಸೆ ತಿಂದು, ಹಣ ಕಳಿಸಿ, ಕ್ಯೂಆರ್ ಪಕ್ಕದ ಮಾತಾಡುವ ಡಬ್ಬಿ ‘ಬಂದಿದೆ’ ಎಂದು ಕೂಗಿದ್ದನ್ನು ಕೇಳಿ, ಗೆದ್ದ ಠೀವಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಮೆಲ್ಲಗೆ ದನಿ ಬಂತು: “ಮನಿಯಾಗ ಅಕ್ಕಾರು ಆರಾಮ ಅದಾರೇನ್ರಿ?”

“ಆರಾಮ.”

“ದ್ವಾಸಿ ನೀವೊಬ್ರೇ ತಿಂದ್ರಿ... ಇರ್ಲಿ ಬಿಡ್ರಿ. ಬರೇ ಕೈಲೆ ಹೊಂಟ್ರೇನ್ರಿ?”

ಆ ‘ಇರ್ಲಿ ಬಿಡ್ರಿ’ಯ ಮುಂದೆ ಯಾವ ಗಂಡಸು ನಿಂತಾನು? ಚಪ್ಪಲಿ ಬಿಟ್ಟು ತಿರುಗಿ ಬಂದೆ. ಕೋಡುಬಳೆ ಪೊಟ್ಟಣ ಆಗಲೇ ಗಲ್ಲಾದ ಅಂಚಿಗೆ ಬಂದು ಕೂತಿತ್ತು. ಮನೆಯಲ್ಲಿ ಹೆಂಡತಿ ತಯಾರಿಕೆಯ ತಿಂಗಳು, ತೂಕ, ಬೆಲೆ ಎಲ್ಲ ಓದಿ, ತಯಾರಕರ ವಿಳಾಸಕ್ಕೆ ಬಂದಾಗ ನಿಂತಳು. “ಇದು ನಮ್ಮ ಹಿಂದಿನ ಓಣಿ ಸ್ತ್ರೀಶಕ್ತಿ ಸಂಘದವರದು. ಅವರ ಮನೆ ಬಾಗಿಲಿಗೆ ಹೋದರೆ ಹತ್ತು ರೂಪಾಯಿ ಕಡಿಮೆ.” ಹೀಗೆ ಬೈದವಳೇ ಪೊಟ್ಟಣವನ್ನು ಪೂರ್ತಿ ಮುಗಿಸಿದಳು.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಅವರನ್ನೇ ಕೇಳಿದೆ, ಹೋಟೆಲಿಟ್ಟವರಿಗೆ ಈ ಅಂಗಡಿ ಯಾಕೆ ಎಂದು. “ಇಡ್ಲಿ ತಿಂದವ ಮೂರು ಸಲ ಸಾಂಬಾರ್ ಕೇಳ್ತಾನ್ರಿ. ಪ್ಯಾಕೆಟ್ ತಗೊಂಡವ ಕೇಳ್ತಾನೇನು? ಗ್ಯಾಸಿಲ್ಲ, ಪ್ಲೇಟ್ ತೊಳೆಯೋದಿಲ್ಲ, ಉಳಿದ್ರ ಹಳಸೂದಿಲ್ಲ.” 2025ರ ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ಖಾರಾದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಾಗ ಇಡೀ ಹೋಟೆಲಿಗೆ ಕೇಳುವಂತೆ ಸಾರಿದವರು ಇವರೇ: “ಸರ್ಕಾರನ ಇಳಿಸೈತಿ, ಎರಡು ತಗೊಳ್ರಿ!” ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳ ಬಿಲ್ಲಿನ ಕಟ್ಟೆಯ ಬಳಿ ಸಿಹಿತಿಂಡಿ, ಚಿಪ್ಸ್ ಇಡಬಾರದೆಂದು 2022ರ ಅಕ್ಟೋಬರಿನಿಂದ ಕಾನೂನೇ ಬಂದಿದೆ ಎಂದು ಹೆದರಿಸಿ ನೋಡಿದೆ. “ಅಲ್ಲಿ ಮಂದಿ ಭಾಳ ದುರ್ಬಲ ಇರ್ಬೇಕ್ರಿ” ಎಂದು ನನ್ನ ಕೈಯಲ್ಲಿದ್ದ ನಿಪ್ಪಟ್ಟನ್ನೇ ನೋಡಿದರು.

ಅವರ ತಂದೆಯ ಕಾಲದಲ್ಲಿ ಗಲ್ಲಾದ ಮೇಲೆ ಗಾಜಿನ ಭರಣಿಗಳಿದ್ದವಂತೆ. ಕೋಡುಬಳೆ ಒಳಗಿನ ಒಲೆಯಲ್ಲೇ ಕರಿದದ್ದು, ಹಳೇ ಪೇಪರಿನಲ್ಲಿ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದದ್ದು. ಅಡುಗೆ ಭಟ್ಟರು ಕೆಲಸ ಬಿಟ್ಟ ಮೇಲೆ ಭರಣಿ ಅಟ್ಟ ಸೇರಿತು. “ದಾರ ಸುತ್ತೂತನಕ ಮಂದಿ ನಿಂತು ಮಾತಾಡ್ತಿದ್ರು. ಈಗ ಡಬ್ಬಿ ಕೂಗಿದ ಕೂಡ್ಲೇ ಹೊಂಟು ಹೋಗ್ತಾರ. ಮುಖಾನೂ ನೋಡೂದಿಲ್ಲ.” ಅದು ನನಗೂ ತಾಗುವ ಮಾತು. ದಿನಾ ಅವರಲ್ಲಿ ತಿನ್ನುತ್ತೇನೆ, ‘ಆರಾಮಾ?’ ಎಂದು ಕೇಳಿದವನಲ್ಲ. ನಾನು ಹಣ ಕಳಿಸಿದ ಮೇಲೂ ನನ್ನನ್ನು ನಿಲ್ಲಿಸಿ ಮನೆಯವರ ಕ್ಷೇಮ ಕೇಳುವವರು ಈ ಊರಿನಲ್ಲಿ ಅವರೊಬ್ಬರೇ. ಕೇಳುವುದು ಕೋಡುಬಳೆಗಾಗಿಯೇ ಇರಲಿ, ಕೇಳುತ್ತಾರಲ್ಲ.

ಈ ಮೆದುತನ ಹೆಚ್ಚು ದಿನ ಬಾಳಲಿಲ್ಲ. ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಎಂದರು. ಇದಕ್ಕಿಂತ ಭದ್ರವಾದ ನೆಪ ಯಾರಿಗೆ ಸಿಕ್ಕೀತು? ನೇರ ಹೋಗಿ ಹೇಳಿದೆ: “ಇನ್ಮೇಲೆ ಚಿಕ್ಕಿ, ಗಿಕ್ಕಿ ಏನೂ ಬೇಡ. ಶುಗರ್ ಬಂದಿದೆ.” ಅವರ ಮುಖ ನಿಜಕ್ಕೂ ಬಾಡಿತು. ಎಷ್ಟಿದೆ, ಏನು ಮಾತ್ರೆ, ಬೆಳಿಗ್ಗೆ ನಡೀತೀರಾ ಎಂದು ಒಂದೊಂದಾಗಿ ವಿಚಾರಿಸಿದರು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ಬಗ್ಗಿ ಗಲ್ಲಾದ ಕೆಳಗಿಂದ ಹೊಸ ಪೊಟ್ಟಣವೊಂದನ್ನು ತೆಗೆದರು.

“ನವಣಿ ನಿಪ್ಪಟ್ಟು. ನಿಮ್ಮಂಥಾರಿಗಂತನ ತರ್ಸೀನ್ರಿ. ಅಕ್ಕಾರಿಗೆ ಕೋಡುಬಳಿ ಬ್ಯಾರೆ ಹಾಕ್ಲೇನು?”