ಲಿಸ್ಟಪ್ಪ ಊರಿಗೆ ಬರುತ್ತಾನೆ

ಲಿಸ್ಟಪ್ಪ ಎಂಬುದು ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರಲ್ಲ. ಹಿರೇಕೆರೂರು ಸೀಮೆಯಲ್ಲಿ ಬಸಪ್ಪ, ಹನುಮಂತಪ್ಪ, ಗುಡ್ಡಪ್ಪರಿಗೆ ಬರವಿಲ್ಲ. ಈ ಅಪ್ಪ ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ, ಅವನ ಮಗಳು ಹುಟ್ಟಿದ ದಿನವೇ. ಅಬಲೂರಿನಲ್ಲಿ ನಮ್ಮ ಓಣಿಗೆ ಒಬ್ಬನಿದ್ದಾನೆ, ನಿಮ್ಮ ಓಣಿಯಲ್ಲೂ ಇದ್ದಾನು. ಹೈಸ್ಕೂಲು ಮುಗಿಯುವವರೆಗೆ ಇಲ್ಲಿಯ ಕೆಸರಿನಲ್ಲಿ ಆಡಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದಿಷ್ಟು ವರ್ಷ ಸವೆದು, ಈಗ ಡಲ್ಲಾಸಿನಲ್ಲಿ ಮನೆ, ಎರಡು ಕಾರು, ಒಂಬತ್ತು ತಿಂಗಳ ಕೂಸು. ಅಜ್ಜ-ಅಜ್ಜಿ ಮೊಮ್ಮಗಳನ್ನು ನೋಡಿದ್ದು ಮೊಬೈಲಿನೊಳಗೆ ಮಾತ್ರ. ‘ಡಿಸೆಂಬರಿಗೆ ಕರಕೊಂಡು ಬರ್ತೀವಿ’ ಎಂದು ಅವನು ಫೋನಿನಲ್ಲಿ ಹೇಳಿದ್ದೇ ತಡ, ಇಲ್ಲಿ ಅವ್ವ ಅಟ್ಟದಿಂದ ತೊಟ್ಟಿಲು ಇಳಿಸಿದಳು. ಅಲ್ಲಿ ಅವನು ಲ್ಯಾಪ್‌ಟಾಪ್ ತೆಗೆದ.

ಸರ್ವಜ್ಞ ಹುಟ್ಟಿದ ಊರು ಅಬಲೂರು ಎಂಬುದು ನಮ್ಮ ಹೆಮ್ಮೆ. (ಮಾಸೂರಿನವರು ಬೇರೆ ಮಾತಾಡುತ್ತಾರೆ. ಆ ತಕರಾರು ಇಲ್ಲಿ ಬೇಡ.) ಲೋಕದ ಸಮಸ್ತ ಸಂಗತಿಯನ್ನೂ ಮೂರು ಮೂರು ಸಾಲಿನಲ್ಲಿ ಮುಗಿಸಿದವನ ಊರಿನ ಹುಡುಗ, ಕೂಸಿನ ಚಡ್ಡಿ-ಬಾಟಲಿ ವಿಷಯಕ್ಕೆ ಎಕ್ಸೆಲ್‌ನಲ್ಲಿ ಇನ್ನೂರು ಸಾಲು ಬರೆದ. ಸಾಲಿಗೊಂದು ಬಣ್ಣ. ಕೆಂಪು ಅಂದರೆ ‘ಇದಿಲ್ಲದೆ ವಿಮಾನ ಹತ್ತುವಂತಿಲ್ಲ’. ಹಸಿರು ಅಂದರೆ ‘ಅಲ್ಲಿ ಸಿಕ್ಕೀತು’. ಹಸಿರು ಬಣ್ಣ ಬಿದ್ದದ್ದು ಒಂದೇ ಸಾಲಿಗೆ: ಬಾಳೆಹಣ್ಣು.

ಪ್ರಯಾಣಕ್ಕೆ ಮುಂಚೆ ಅಲ್ಲಿಯ ಮಕ್ಕಳ ಡಾಕ್ಟರನ್ನು ಕಾಣಬೇಕು. ಅಭಿವೃದ್ಧಿ ಹೊಂದುತ್ತಿರುವ ದೇಶಕ್ಕೆ ಹೋಗುವವರಿಗೆಂದೇ ಅಲ್ಲಿ ಒಂದು ಫಾರಂ ಇತ್ತು. ಹೋಗುವ ಸ್ಥಳ ನಗರವೋ ಹಳ್ಳಿಯೋ? ಹಳ್ಳಿ. ಕುಡಿಯುವ ನೀರಿನ ಮೂಲ? ಲಿಸ್ಟಪ್ಪ ಪೆನ್ನು ಕಚ್ಚಿಕೊಂಡು ಕೂತ. ಜಾನುವಾರುಗಳ ಸಂಪರ್ಕವಿದೆಯೇ? ಮೊದಲು ‘ಇಲ್ಲ’ ಎಂದು ಗೀಟು ಹಾಕಿದ. ಆಮೇಲೆ ಮನೆಯ ಎಮ್ಮೆ ನೆನಪಾಯಿತು. ಪಡಸಾಲೆ ದಾಟಿದರೆ ಗ್ವಾದಲಿ, ಗ್ವಾದಲಿಗೆ ಕಟ್ಟಿದ ಎಮ್ಮೆ, ಅದರ ಪಕ್ಕದ ಗೋಡೆಗೇ ತೊಟ್ಟಿಲ ಕೊಂಡಿ. ಗೀಟು ಹೊಡೆದು ‘ಹೌದು’ ಮಾಡಿದ. ಹೆಂಡತಿ ರಾಣೆಬೆನ್ನೂರಿನವಳು, ಪಕ್ಕದಲ್ಲಿ ಕೂತು, ‘ರೀ, ನೀವು ಬೆಳೆದದ್ದೂ ಅದೇ ಮನ್ಯಾಗ ಅಲ್ರೀ?’ ಎಂದಳಂತೆ. ‘ನಂದು ಬ್ಯಾರೆ ಇಮ್ಯುನಿಟಿ’ ಎಂದನಂತೆ ಅವನು.

ಡಾಕ್ಟರು ಸರಿಯಾದ ಮಾತನ್ನೇ ಹೇಳಿದರು. ದಡಾರದ ಎಂಎಂಆರ್ ಲಸಿಕೆ ಅಮೆರಿಕದಲ್ಲಿ ವರ್ಷ ತುಂಬಿದ ಮೇಲೆ. ಆದರೆ ಹೊರದೇಶಕ್ಕೆ ಹೊರಟ ಕೂಸಿಗೆ ಆರು ತಿಂಗಳಾಗಿದ್ದರೆ ಒಂದು ಡೋಸು ಮೊದಲೇ ಹಾಕಿಸಬೇಕು. ಹಾಕಿಸಿದರು. ಟೈಫಾಯ್ಡ್ ಲಸಿಕೆ ಅಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಆರು ತಿಂಗಳ ಕೂಸಿಗೂ ಹಾಕಬಹುದಾದದ್ದು ತಯಾರಾಗುವುದು ನಮ್ಮ ಹೈದರಾಬಾದಿನಲ್ಲಿ, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ಉಂಟು. ಇದನ್ನು ಲಿಸ್ಟಪ್ಪ ಲಿಸ್ಟಿನಲ್ಲಿ ಯಾವ ಬಣ್ಣಕ್ಕೆ ಸೇರಿಸಬೇಕೆಂದು ತಿಳಿಯದೆ ಬಿಟ್ಟುಬಿಟ್ಟ.

ತೂಕದ ಲೆಕ್ಕ ಬಂತು. ಒಬ್ಬರಿಗೆ 23 ಕಿಲೋದ ಎರಡು ಬ್ಯಾಗು, ಗಂಡ-ಹೆಂಡತಿಗೆ ಕೂಡಿ 92 ಕಿಲೋ. ಕೂಸು ಎಂಟು ಕಿಲೋ. ಲಿಸ್ಟಪ್ಪನ ಬಟ್ಟೆಗೆ ಉಳಿದದ್ದು ಒಂದು ಬ್ಯಾಗಿನ ಮೂಲೆ. ಮಿಕ್ಕದ್ದೆಲ್ಲ ಡೈಪರು, ಒರೆಸುವ ಹಾಳೆ, ಹಾಲಿನ ಪುಡಿಯ ಡಬ್ಬಿ, ಸೊಳ್ಳೆ ಪರದೆ, ಬಾಟಲಿ, ಬಾಟಲಿ ತೊಳೆಯುವ ಬ್ರಷ್ಷು, ಬ್ರಷ್ಷು ತೊಳೆಯುವ ಸೋಪು, ಕೂಸಿನ ಹಲ್ಲಿಲ್ಲದ ಬಾಯಿಗೆ ಟೂತ್‌ಬ್ರಷ್ಷು. ಪ್ರತಿಯೊಂದೂ ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿ, ಚೀಲದ ಮೇಲೆ ನಂಬರು. ಹಾಲಿನ ಪುಡಿಯ ಬಗ್ಗೆ ಅವನಿಗೆ ಎಳ್ಳಷ್ಟೂ ಧೈರ್ಯವಿರಲಿಲ್ಲ, ‘ಇಂಡಿಯಾದಾಗ ಸಿಗಲಿಕ್ಕಿಲ್ಲ’ ಎನ್ನುತ್ತಿದ್ದ. 2022ರಲ್ಲಿ ಮಿಶಿಗನ್ನಿನ ಒಂದು ಕಾರ್ಖಾನೆ ಬಾಗಿಲು ಹಾಕಿದ್ದಕ್ಕೆ ಅಮೆರಿಕದ ಅಂಗಡಿಗಳಲ್ಲೇ ಈ ಡಬ್ಬಿ ಸಿಗದೆ, ಸರ್ಕಾರ ಮಿಲಿಟರಿ ವಿಮಾನದಲ್ಲಿ ಜರ್ಮನಿಯಿಂದ ತರಿಸಿತ್ತು. ಆಗ ಹಿರೇಕೆರೂರಿನ ಮೆಡಿಕಲ್ ಶಾಪಿನವನ ಕಪಾಟಿನಲ್ಲಿ ಡಬ್ಬಿಗಳು ತಣ್ಣಗೆ ಕೂತಿದ್ದವು.

ಬೆಂಗಳೂರಿನಿಂದ ಅಬಲೂರಿಗೆ 300 ಚಿಲ್ಲರೆ ಕಿಲೋಮೀಟರು. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ನಿಲ್ಲಿಸಿ ಲಿಸ್ಟಪ್ಪ ಕೂಸಿನ ಕಾರ್ ಸೀಟು ಕಟ್ಟಲು ನಿಂತ. ಹಿಂದಿನ ಸೀಟಿನ ಬೆಲ್ಟು ಕವರಿನಡಿ ಹೂತುಹೋಗಿತ್ತು. ‘ಹಿಂದೆ ಯಾರೂ ಹಾಕಲ್ಲ ಸರ್’ ಎಂದ ಡ್ರೈವರ್. ಲಿಸ್ಟಪ್ಪ ಬಿಡಲಿಲ್ಲ. ಕವರು ಕಿತ್ತು, ಸಂದಿಯೊಳಗೆ ಮೊಣಕೈವರೆಗೆ ಕೈ ಹಾಕಿ ಬೆಲ್ಟು ಎಳೆದ. ಜೊತೆಗೆ ಚಿಪ್ಸ್ ಪಾಕೀಟು, ಒಂದು ಹೇರ್‌ಪಿನ್ನು, ಯಾರದೋ ಮದುವೆಯ ಅಕ್ಷತೆ ಕಾಳೂ ಬಂದವು. ಸೀಟು ಕಟ್ಟುವ ಹೊತ್ತಿಗೆ ಡ್ರೈವರು ಎರಡು ಸಲ ಚಹಾ ಕುಡಿದು ಬಂದಿದ್ದ. ನಗುವವರು ನಗಲಿ, ಈ ಒಂದು ವಿಷಯದಲ್ಲಿ ಮಾತ್ರ ನಾನು ಲಿಸ್ಟಪ್ಪನ ಕಡೆ. ನಮ್ಮ ಹೈವೇಯಲ್ಲಿ ಕೂಸನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಹೋಗುವವರನ್ನು ಕಂಡರೆ ನನಗೂ ಎದೆ ಝಲ್ಲೆನ್ನುತ್ತದೆ. ಕೂಸು ಹರಿಹರ ದಾಟುವವರೆಗೆ ಗಡದ್ದಾಗಿ ನಿದ್ದೆ ಹೊಡೆಯಿತು.

ಮನೆ ಮುಟ್ಟಿದ ಸಂಜೆಯೇ ಇಡೀ ಓಣಿ ಪಡಸಾಲೆಯಲ್ಲಿ ನೆರೆದಿತ್ತು. ಲಿಸ್ಟಪ್ಪ ಬಾಟಲಿಗಳ ಕ್ರಿಮಿ ಕೊಲ್ಲುವ ಯಂತ್ರ ಹೊರತೆಗೆದ. ಹಾಲುಬಿಳುಪು, ದುಂಡಗೆ, ಮೇಲೊಂದು ಗಾಜಿನ ಮುಚ್ಚಳ. ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿದ. ಮಕ್ಕಳು ಹತ್ತಿರ ಸರಿದವು. ಅಪ್ಪ ಕನ್ನಡಕ ಹಾಕಿಕೊಂಡರು. ಬಟನ್ ಒತ್ತಿದ. ಒಳಗೆ ನೀರು ಕುದಿಯಿತೆಂಬಷ್ಟರಲ್ಲಿ ಠಪ್ ಎಂದಿತು. ಸುಟ್ಟ ವಾಸನೆ, ಕತ್ತಲು. ಅಮೆರಿಕದ ಕರೆಂಟು 120 ವೋಲ್ಟು, ನಮ್ಮದು 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ವೋಲ್ಟೇಜು ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದು ಪಿಯುಸಿ ಪಾಠ. ಲಿಸ್ಟಪ್ಪನ ಪದವಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನಲ್ಲಿ. ಈ ಮಾತನ್ನು ಆ ಕತ್ತಲಲ್ಲಿ ಯಾರೂ ಆಡಲಿಲ್ಲ, ಅಪ್ಪ ಮಾತ್ರ ಕೆಮ್ಮಿದರು.

ಫ್ಯೂಸು ಹಾಕಿದ ಮೇಲೆ ನೋಡಿದರೆ ಅವ್ವ ಒಲೆಯ ಮೇಲೆ ಪಾತೇಲಿ ಇಟ್ಟು, ಬಾಟಲಿಗಳನ್ನು ಪೂರ್ತಿ ಮುಳುಗಿಸಿ, ಮುಚ್ಚಳ ಹಾಕಿ ಕುದಿಸುತ್ತಿದ್ದಳು. ‘ಎಷ್ಟೊತ್ತು ಕುದಸ್ತಿ ಬೇ?’ ಎಂದು ಕೇಳಿದ ಲಿಸ್ಟಪ್ಪ, ಕೈಯಲ್ಲಿ ಮೊಬೈಲಿನ ಟೈಮರು. ‘ಕಳಾಕಳಾ ಅನ್ನೂತನ. ಆಮ್ಯಾಲೆ ಇನ್ನೊಂದೀಟು.’ ಈ ಅಳತೆ ಟೈಮರಿನಲ್ಲಿ ಇರಲಿಲ್ಲ.

ಮರುದಿನ ಸೋಮೇಶ್ವರ ಗುಡಿಗೆ ಹೊರಟರು. ಶಿವನಿಗೆ ತನ್ನ ತಲೆಯನ್ನೇ ಅರಿದು ಕೊಟ್ಟು ಏಳು ದಿನಕ್ಕೆ ಮರಳಿ ಪಡೆದ ಏಕಾಂತದ ರಾಮಯ್ಯನ ಕಥೆ ಶಾಸನವಾಗಿರುವ ಗುಡಿ ಅದು, ಶಾಸನಕ್ಕೆ 800 ವರ್ಷ ಆಗಿದೆ. ನಡೆದು ಹೋಗುವ ದಾರಿ. ಆದರೂ ಲಿಸ್ಟಪ್ಪನ ಹೆಗಲಲ್ಲಿ ಒಂದು ಬ್ಯಾಗು: ಡೈಪರು, ಬದಲಿ ಬಟ್ಟೆ, ಬದಲಿ ಬಟ್ಟೆಗೆ ಬದಲಿ ಬಟ್ಟೆ, ಸ್ಯಾನಿಟೈಸರು, ಥರ್ಮಾಮೀಟರು. ತಳ್ಳುವ ಗಾಡಿಯ ಚಕ್ರ ಓಣಿಯ ಗಟಾರದ ಕಲ್ಲಿನ ಸಂದಿಗೆ ಸಿಕ್ಕಿಕೊಂಡದ್ದರಿಂದ ಕೂಸು ಅಜ್ಜಿಯ ಕಂಕುಳೇರಿತ್ತು. ಪೂಜಾರರು ಕೂಸಿನ ತುಟಿಗೆ ಒಂದು ಹನಿ ತೀರ್ಥ ಹಾಕಲು ಬಂದರು. ಲಿಸ್ಟಪ್ಪ ಅಡ್ಡ ಬಂದು ‘ಇದು ಫಿಲ್ಟರ್ ನೀರಾ ಸ್ವಾಮಿ?’ ಎಂದ. ಹೋದ ತಲೆ ಮರಳಿ ಬಂದ ಊರಿನಲ್ಲಿ ಒಂದು ಹನಿ ನೀರಿಗೆ ಇಷ್ಟು ವಿಚಾರಣೆ! ಪೂಜಾರರು ಬೇಸರ ಮಾಡಿಕೊಳ್ಳಲಿಲ್ಲ. ‘ಹೌದ್ರಿ ಮತ್ತ, ಐದು ರೂಪಾಯಿ ಕಾಯಿನ್ ಹಾಕಿ ಹಿಡಕೊಂಡು ಬಂದದ್ದು’ ಎಂದರು. ಲಿಸ್ಟಪ್ಪ ಬಿಟ್ಟುಹೋದ ಊರಿನಲ್ಲಿ ಕೈಪಂಪಿತ್ತು. ಅವನು ಗಂಟು ಕಟ್ಟಿಕೊಂಡು ಬಂದದ್ದು ಆ ಊರಿಗೆ.

ಕೂಸಿಗೆ ಭೇದಿ ಶುರುವಾಯಿತು. ನೀರಿಗೋ, ಜಾಗ ಬದಲಾದದ್ದಕ್ಕೋ, ಓಣಿಯವರೆಲ್ಲ ಕೈಯಿಂದ ಕೈಗೆ ದಾಟಿಸಿ ಮುದ್ದಾಡಿದ್ದಕ್ಕೋ. ಲಿಸ್ಟಪ್ಪ ಔಷಧಿಯ ಬ್ಯಾಗು ತೆರೆದ. ಭೇದಿಗೆಂದೇ ಡಲ್ಲಾಸಿನಿಂದ ಹೊತ್ತು ತಂದಿದ್ದ ದೊಡ್ಡ ಬಾಟಲಿ ದಾರಿಯಲ್ಲಿ ಒಡೆದು, ಒರೆಸುವ ಹಾಳೆಗಳೆಲ್ಲ ಅದನ್ನು ಕುಡಿದು ಕೂತಿದ್ದವು. ಅವನ ಮುಖ ಹುಳ್ಳಗಾಯಿತು. ಅವ್ವ ಹಿಂದಿನ ಓಣಿಯ ಆಶಾ ಕಾರ್ಯಕರ್ತೆಯನ್ನು ಕರೆತಂದಳು. ಆಕೆ ಒಂದು ಓಆರ್‌ಎಸ್ ಪಾಕೀಟು ಕೊಟ್ಟು, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪಾಕೀಟು, ಚಮಚದಿಂದ ತುಸುತುಸುವೇ, ಜೊತೆಗೆ ಝಿಂಕ್ 14 ದಿನ, ಎದೆಹಾಲು ನಿಲ್ಲಿಸಬ್ಯಾಡ್ರಿ, ಕಣ್ಣು ಒಳಗೆ ಹೋದರೆ ಹಿರೇಕೆರೂರಿಗೆ ಹೊರಡ್ರಿ ಎಂದು ಒಂದೇ ಉಸಿರಿನಲ್ಲಿ ಹೇಳಿ, ಇನ್ನೊಂದು ಮನೆಗೆ ನಡೆದಳು.

‘ಇದು ಲೋಕಲ್ ಬ್ರ್ಯಾಂಡಾ?’ ಎಂದ ಲಿಸ್ಟಪ್ಪ, ಪಾಕೀಟು ತಿರುಗಿಸಿ ನೋಡುತ್ತ. ಲೋಕಲ್ಲೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಗಡಿಯ ಬನಗಾಂವಿನಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನು ತೀರಿಹೋಗಿ, ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸು, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಡಲ್ಲಾಸಿನ ಬಾಟಲಿಯಲ್ಲಿದ್ದದ್ದೂ ಹೆಚ್ಚುಕಡಿಮೆ ಅದೇ ಉಪ್ಪು-ಸಕ್ಕರೆ ನೀರು, ಸ್ಟ್ರಾಬೆರಿ ವಾಸನೆ ಮಾತ್ರ ಬೇರೆ. ಕೂಸು ಎರಡು ದಿನಕ್ಕೆ ಚೇತರಿಸಿಕೊಂಡು ಎಮ್ಮೆಯ ಬಾಲಕ್ಕೆ ಕೈ ಚಾಚಿತು.

ಹಾಗೆಂದು ಅವ್ವನದೆಲ್ಲ ಸರಿಯೆಂದು ನಾನು ಹೇಳಲಾರೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಲು ಹೊರಟಾಗ ಸೊಸೆ ‘ವರ್ಷ ತುಂಬೂತನ ಜೇನು ಬ್ಯಾಡ್ರಿ ಅತ್ತಿ’ ಎಂದು ಕೈ ಹಿಡಿದಳು, ಆಕೆಯ ಮಾತೇ ಸರಿ. ಕಣ್ಣಿಗೆ ಕಾಡಿಗೆ ಬೇಡವೆಂದಳು, ಅದೂ ಸರಿ. ಅವ್ವ ಕೂಸಿನ ಅಂಗಾಲಿಗೆ ಕಾಡಿಗೆಯ ಬೊಟ್ಟಿಟ್ಟು ರಾಜಿಯಾದಳು. ಲಿಸ್ಟಿನಲ್ಲಿ ಇಲ್ಲದ ಈ ಮಾತುಕತೆಯೆಲ್ಲ ಹೆಂಗಸರಿಬ್ಬರ ನಡುವೆ ಅಡುಗೆಮನೆಯಲ್ಲಿ ಮುಗಿಯುತ್ತಿದ್ದಾಗ, ಲಿಸ್ಟಪ್ಪ ಕಿರಾಣಿ ಅಂಗಡಿಯ ಮುಂದೆ ನಿಂತು, ಗುಟ್ಕಾ-ಶಾಂಪೂ ಮಾಲೆಗಳ ಪಕ್ಕ ಬಿಡಿಬಿಡಿಯಾಗಿ ತೂಗುಬಿಟ್ಟಿದ್ದ ಡೈಪರುಗಳ ಫೋಟೋ ತೆಗೆಯುತ್ತಿದ್ದ. ಅವನು ಹೊತ್ತು ತಂದದ್ದರಲ್ಲಿ ಅರ್ಧ ಬ್ಯಾಗು ಇನ್ನೂ ಸೀಲೇ ಒಡೆದಿರಲಿಲ್ಲ.

ಹೊರಡುವ ಮುನ್ನಾದಿನ ಬ್ಯಾಗುಗಳು ಅವ್ವನ ವಶಕ್ಕೆ ಬಂದವು. ಲಿಸ್ಟಿಲ್ಲ, ಬಣ್ಣವಿಲ್ಲ, ಬಾಯಿಪಾಠ: ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಟಕು ರೊಟ್ಟಿ, ಶೇಂಗಾ ಹೋಳಿಗೆ, ಬ್ಯಾಡಗಿ ಮೆಣಸಿನಕಾಯಿ, ಮೊಮ್ಮಗಳಿಗೆ ಹಳೆ ಸೀರೆಯ ಕೌದಿ. ಸೊಳ್ಳೆ ಪರದೆ, ತಳ್ಳುಗಾಡಿ, ಸುಟ್ಟ ಯಂತ್ರ ಎಲ್ಲ ಅಟ್ಟ ಸೇರಿದವು. ‘ಕೌದಿ ಎರಡು ಕಿಲೋ ಆಗ್ತದವ್ವಾ’ ಎಂದು ಲಿಸ್ಟಪ್ಪ ತಕ್ಕಡಿ ಹಿಡಿದು ಗೊಣಗಿದ. ‘ನಿನ್ನ ಅಂಗಿ ತೆಗಿ’ ಎಂದಳು. ತೆಗೆದ.

ಅವನು ಡಲ್ಲಾಸು ಮುಟ್ಟಿ ವಾರವಾದ ಮೇಲೆ ಅವ್ವನ ಫೋನು. ಕೂಸಿನ ಸುದ್ದಿ, ಎಮ್ಮೆ ಈದ ಸುದ್ದಿ ಮುಗಿದವು. ‘ತಮ್ಮಾ, ಮುಂದಿನ ಸಲ ಬರೂವಾಗ ಆ ಬಾಯಿ ಮುಚ್ಚೂ ಚೀಲ ಅಷ್ಟ ತಾರಪಾ. ಖಾರಪುಡಿ ಇಡಾಕ ಭಾಳ ಚಲೋ ಅದಾವು. ಓಣ್ಯಾಗ ಎಲ್ಲಾರೂ ಕೇಳಾಕತ್ಯಾರ.’

‘ಎಷ್ಟು ಬೇಕವ್ವಾ? ಕ್ವಾರ್ಟ್ ಸೈಜಾ, ಗ್ಯಾಲನ್ ಸೈಜಾ?’ ಎಂದ ಲಿಸ್ಟಪ್ಪ. ಆಚೆಯಿಂದ ಲ್ಯಾಪ್‌ಟಾಪಿನ ಕೀ ಒತ್ತುವ ಸದ್ದು ಕೇಳುತ್ತಿತ್ತು.

‘ಸೇರು ಹಿಡಿಯುವಂಥಾವು’ ಎಂದಳು ಅವ್ವ.