ಚರ್ಚಿಲ್ ಸಾಹೇಬರ ಹಾರುವ ಹಲ್ಲು

ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗಾದೆ ಕಟ್ಟಿದವರಿಗೆ ಹಲ್ಲು ಕಟ್ಟುವ ಡಾಕ್ಟರು ಸಿಕ್ಕಿರಲಿಲ್ಲ, ಪಾಪ.

ನಾಲ್ಕಾರು ಹಲ್ಲು ಹೋದವರಿಗೆ ಬಾಯಿತುಂಬ ಸೆಟ್ಟು ಬೇಕಿಲ್ಲ. ವಸಡಿನ ಬಣ್ಣದ ತಳಕ್ಕೆ ಬೇಕಾದಷ್ಟೇ ಹಲ್ಲು ಕೂರಿಸಿ, ಅದನ್ನು ಉಳಿದ ಹಲ್ಲುಗಳಿಗೆ ಕೊಕ್ಕೆ ಹಾಕಿ ನಿಲ್ಲಿಸುತ್ತಾರೆ. ಪಕ್ಕದ ಮನೆಯ ಗೋಡೆಗೆ ಒರಗಿಸಿ ಇಳಿಸಿದ ಚಪ್ಪರದ ಹಾಗೆ. ಇಂಪ್ಲಾಂಟಿಗಿಂತ ಅಗ್ಗ, ಬೇಕೆಂದಾಗ ಕಳಚಬಹುದು.

ಈ ಕಳಚುವ ಸೌಲಭ್ಯವನ್ನು ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್‌ರಷ್ಟು ಬಳಸಿಕೊಂಡವರು ವಿರಳ. ಅವರ ಮೇಲ್ದವಡೆಯ ಸೆಟ್ಟಿನಲ್ಲಿ ಚಿನ್ನವಿತ್ತು. ಬೇಕೆಂದೇ ತುಸು ಸಡಿಲ ಮಾಡಿದ್ದರು. ರೇಡಿಯೋದಲ್ಲಿ ಜಗತ್ತೇ ಗುರುತಿಸುತ್ತಿದ್ದ ಆ ತೊದಲು ಸಕಾರ ಬಿಗಿ ಹಲ್ಲಿನಿಂದ ನೆಟ್ಟಗಾಗಿಬಿಟ್ಟರೆ? ಸಿಟ್ಟು ಬಂದಾಗ ಆ ಸೆಟ್ಟನ್ನು ಹೆಬ್ಬೆರಳಿನಿಂದ ಚಿಮ್ಮಿಸುತ್ತಿದ್ದರಂತೆ. ಎಷ್ಟು ದೂರ ಹಾರಿತೆಂದು ನೋಡಿ ಯುದ್ಧದ ಗತಿ ಊಹಿಸುತ್ತಿದ್ದವರು ಸೆಟ್ಟು ತಯಾರಿಸಿದ ಡೆರೆಕ್ ಕಡ್‌ಲಿಪ್. ಅವರು ಸೈನ್ಯಕ್ಕೆ ಹೊರಟಾಗ ಚರ್ಚಿಲ್ ಬಿಡಲಿಲ್ಲವಂತೆ. ಬಂದೂಕು ಹಿಡಿಯಲು ಬೇಕಾದಷ್ಟು ಜನ ಇದ್ದರು. ಪ್ರಧಾನಿಯ ಹಲ್ಲು ರಿಪೇರಿಗೆ?

2010ರ ಹರಾಜಿನಲ್ಲಿ ಚರ್ಚಿಲ್‌ರ ಅಂಥದೊಂದು ಸೆಟ್ಟು 15,200 ಪೌಂಡಿಗೆ ಹೋಯಿತು.

ನಿಮ್ಮದಕ್ಕೆ ಆ ಬೆಲೆ ಬರಲಾರದು. ಆದರೂ ರಾತ್ರಿ ಕಳಚಿ, ತೊಳೆದು, ತಣ್ಣೀರಿನಲ್ಲಿಡಿ, ಕುದಿನೀರಿಗೆ ಸೊಟ್ಟಗಾಗುತ್ತದೆ. ಲೋಟ ಮಾತ್ರ ಬೇರೆಯೇ ಇರಲಿ, ಮನೆಗೆ ನೆಂಟರು ಬರುತ್ತಿರುತ್ತಾರೆ.