ಹಿತ್ತಲಿಗೊಂದು ಶೆಡ್ಡು, ಶೆಡ್ಡಿಗೊಂದು ಸಂವಿಧಾನ

ಡಲ್ಲಾಸಿನ ಉತ್ತರಕ್ಕೆ, ಫ್ರಿಸ್ಕೊ, ಮೆಕಿನಿ ಕಡೆ ಮನೆ ಕೊಂಡ ಯಾವ ಕನ್ನಡಿಗನ ಗ್ಯಾರೇಜನ್ನಾದರೂ ತೆಗೆಸಿ ನೋಡಿ, ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಸೋನಾಮಸೂರಿ ಚೀಲ, ಊರಿನಿಂದ ಹೊತ್ತು ತಂದು ಒಂದೇ ಸಲ ತಿರುಗಿಸಿದ ವೆಟ್ ಗ್ರೈಂಡರು, 23 ಕೆ.ಜಿ. ಲೆಕ್ಕಕ್ಕೆಂದೇ ಕೊಂಡ ಸೂಟ್‌ಕೇಸುಗಳು, ಅವುಗಳ ಹೊಟ್ಟೆಯೊಳಗೆ ಮರಿ ಸೂಟ್‌ಕೇಸುಗಳು, ಬೊಂಬೆ ಕೂರಿಸುವ ಮೆಟ್ಟಿಲು, ಕಾಲೇಜಿಗೆ ಹೋದ ಮಗನ ಮೂರು ಗಾಲಿಯ ಸೈಕಲ್ಲು. ಎಸೆಯೋಣವೆಂದರೆ ಯಾರಿಗಾದರೂ ಬೇಕಾಗಬಹುದು. ಬೇಕಾದವರು ಈ ತನಕ ಸಿಕ್ಕಿಲ್ಲ.

ಇದಕ್ಕೆ ನಮ್ಮನ್ನಷ್ಟೇ ದೂರಿ ಪ್ರಯೋಜನವಿಲ್ಲ. ಈ ಸೀಮೆಯ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಜೇಡಿ. ಬೇಸಿಗೆಯಲ್ಲಿ ತಳಪಾಯ ಬಿರುಕು ಬಿಡದಿರಲಿ ಅಂತ ಮನೆಯ ಸುತ್ತ ಪೈಪು ಎಳೆದು ಮಣ್ಣಿಗೆ ನೀರುಣಿಸುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮಪ್ಪನಿಗೆ ಇದನ್ನು ಹೇಳಿದಾಗ, "ಮನೆಗೂ ನೀರು ಹಾಕ್ತೀರೇನೋ? ಗೊಬ್ಬರ ಯಾವಾಗ?" ಎಂದು ಕೇಳಿದ್ದರು. ಅಟ್ಟವೇನೋ ಇದೆ, ಜುಲೈನಲ್ಲಿ ಅಲ್ಲಿ ಹಪ್ಪಳ ಒಣಗಿಸಬಹುದು, ಸಾಮಾನು ಇಡುವಂತಿಲ್ಲ.

ಮೇಲಿಂದ ಆಲಿಕಲ್ಲಿನ ಕಾಟ. ಮಾರ್ಚ್ ಕಳೆದರೆ ಇಲ್ಲಿ ಮೋಡ ನೋಡಿ ಖುಷಿಪಡುವವರಿಲ್ಲ, ಎಲ್ಲರೂ ಕಾರು ಒಳಗೆ ಹಾಕಲು ಓಡುತ್ತಾರೆ. ನಮ್ಮಲ್ಲಿ ಒಂದು ಕಾರು ಹೇಗೋ ತುರುಕಿಕೊಂಡು ಒಳಗೆ, ಒಂದು ಹೊರಗೆ. ಒಳಗಿನದು ಹೆಂಡತಿಯದು ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಕಾರಿಗೂ ಒಂದು ಸೂರು ಬೇಕಲ್ಲ ಎಂದು ಯೋಚಿಸುತ್ತಿದ್ದಾಗ ಸಗಟು ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ಕಿನ ಶೆಡ್ಡು ಕಣ್ಣಿಗೆ ಬಿತ್ತು. ಎಂಟು ಅಡಿಗೆ ಹತ್ತು, ಡಿಸ್ಕೌಂಟ್ ಬೇರೆ. ಅಳತೆ ತೆಗೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಕೊಟ್ಟಿಗೆಗೆ ಕೊಟ್ಟಿಗೆ, ಸೌದೆ ಮನೆಗೆ ಸೌದೆ ಮನೆ ಎಬ್ಬಿಸಿದ ವಂಶ ನಮ್ಮದು. ಯಾರನ್ನು ಕೇಳುವುದು?

ಕೇಳಬೇಕಾದವರ ಪತ್ರ ತಾನಾಗಿಯೇ ಬಂತು. ಶೆಡ್ಡಿನ ರಟ್ಟಿನ ಪೆಟ್ಟಿಗೆಗಳು ಡ್ರೈವ್‌ವೇಯಲ್ಲಿ ಒಂದು ವಾರಾಂತ್ಯ ಬಿದ್ದಿದ್ದವು, ಅಷ್ಟೇ. "ಪ್ರಿಯ ನಿವಾಸಿಗಳೇ" ಎಂದು ಶುರುವಾಗಿ ದಂಡದ ಮಾತಿಗೆ ಬರುವ ಮನೆಮಾಲೀಕರ ಸಂಘದ, ಅಂದರೆ ಎಚ್‌ಒಎ ಪತ್ರ. ಜೊತೆಗೆ ನನ್ನ ಪೆಟ್ಟಿಗೆಗಳ ಬಣ್ಣದ ಫೋಟೊ. ನಮ್ಮ ಮದುವೆಯ ಫೋಟೊ ಕೂಡ ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ. ಕೊನೆಯ ಸಾಲಿನಲ್ಲಿ, ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಒಳಗಿರುವುದು ಶೆಡ್ಡೆಂದು ತೋರುತ್ತದೆ, ನಮ್ಮ ಬಡಾವಣೆಯಲ್ಲಿ ಶೆಡ್ಡಿಗೆ ಅವಕಾಶವಿಲ್ಲವೆಂಬುದು ತಮ್ಮ ಗಮನಕ್ಕೆ, ಎಂದಿತ್ತು.

ಪೆಟ್ಟಿಗೆಗಳನ್ನು ಗ್ಯಾರೇಜಿಗೆ ಸೇರಿಸಿದೆ. ಅವಕ್ಕೆ ಜಾಗವಾಗಬೇಕಾದರೆ ಹೆಂಡತಿಯ ಕಾರು ಹೊರಗೆ ಬರಬೇಕಾಯಿತು.

"ರೀ, ಸಾಮಾನಿಡೋಕೆ ಶೆಡ್ಡು ತಂದ್ರಿ. ಈಗ ಶೆಡ್ಡು ಇಡೋಕೆ ಏನು ತರ್ತೀರಿ?"

ಅಮೆರಿಕದಲ್ಲಿ 7 ಕೋಟಿಗೂ ಹೆಚ್ಚು ಜನ ಇಂಥ ಮನೆಮಾಲೀಕರ ಸಂಘಗಳ ಅಡಿಯಲ್ಲಿ ಬದುಕುತ್ತಾರೆ. ಮನೆ ಕೊಳ್ಳುವಾಗ ಸಹಿ ಹಾಕುವ ಕಾಗದದ ರಾಶಿಯಲ್ಲಿ ಸಿಸಿಆರ್ ಎಂಬ ದಪ್ಪ ದಸ್ತಾವೇಜೊಂದು ಇರುತ್ತದೆ. ಕೌಂಟಿ ಕಚೇರಿಯಲ್ಲಿ ನೋಂದಣಿಯಾಗಿ ಜಮೀನಿಗೇ ಅಂಟಿಕೊಂಡಿರುವ ಕಟ್ಟಳೆ ಅದು. ಮನೆ ಮಾರಿದರೆ ಮಾಲೀಕ ಬದಲಾಗುತ್ತಾನೆ, ಕಟ್ಟಳೆ ಅಲ್ಲೇ ಇರುತ್ತದೆ. ನಾನೂ ಸಹಿ ಹಾಕಿದ್ದೆ. ಈಗ ಮೊದಲ ಬಾರಿಗೆ ಓದಿದೆ. ಔಟ್‌ಬಿಲ್ಡಿಂಗ್, ಶೆಡ್, ಟ್ರೇಲರ್, ಗುಡಾರ, ತಾತ್ಕಾಲಿಕವೋ ಶಾಶ್ವತವೋ, ಯಾವುದೂ ಕೂಡದು. ತಮಾಷೆಯೆಂದರೆ ಅಮೆರಿಕದ ಬಹಳಷ್ಟು ಊರುಗಳು ಆಧಾರವಾಗಿಟ್ಟುಕೊಂಡಿರುವ ಮಾದರಿ ಕಟ್ಟಡ ಸಂಹಿತೆಯೇ 200 ಚದರಡಿಯೊಳಗಿನ ಒಂದಂತಸ್ತಿನ ಶೆಡ್ಡಿಗೆ ಪರ್ಮಿಟ್ಟು ಬೇಡ ಎನ್ನುತ್ತದೆ. ನನ್ನದು ಬರೀ 80. ಸರ್ಕಾರ ಬಿಟ್ಟರೂ ನೆರೆಹೊರೆ ಬಿಡದು.

ಬಸವನಗುಡಿ ಮೂಲದ ಗೆಳೆಯನೊಬ್ಬ ಇದಕ್ಕೆ ಬೆಂಗಳೂರಿನ ಪರಿಹಾರ ಸೂಚಿಸಿದ. "ಒಳಗೊಂದು ಗಣಪತಿ ಕೂರಿಸಿಬಿಡು ಗುರು. ಆಮೇಲೆ ಯಾವನು ಒಡೀತಾನೆ ನೋಡೋಣ." ನಗಬೇಡಿ, ನಾನು ಕಾನೂನು ತೆಗೆದು ಓದಿದೆ. ಟೆಕ್ಸಾಸಿನಲ್ಲಿ 2011ರಿಂದ ಬಾಗಿಲ ಮೇಲಿನ ಧಾರ್ಮಿಕ ಚಿಹ್ನೆಯನ್ನು ಎಚ್‌ಒಎ ತಡೆಯುವಂತಿಲ್ಲ. ಆಗ 25 ಚದರ ಇಂಚಿನ ಮಿತಿಯಿತ್ತು, 2021ರ ತಿದ್ದುಪಡಿಯಲ್ಲಿ ರಕ್ಷಣೆ ಇಡೀ ನಿವೇಶನಕ್ಕೆ ವಿಸ್ತರಿಸಿತು. ಅಂದರೆ ನಮ್ಮ ಮಾವಿನ ತೋರಣಕ್ಕೆ ಶಾಸನದ ಬಲವಿದೆ. ಆದರೆ ಪ್ಲಾಸ್ಟಿಕ್ ಶೆಡ್ಡಿನಲ್ಲಿ, ಲಾನ್ ಮೋವರಿನ ಪಕ್ಕದಲ್ಲಿ ಪ್ರಾಣಪ್ರತಿಷ್ಠೆ ಮಾಡಲು ಯಾವ ಪುರೋಹಿತರೂ ಒಪ್ಪಲಾರರು ಅನಿಸಿತು. ಕಾನೂನುಬದ್ಧವಾಗಿಯೇ ಹೋಗುವುದೆಂದು ನಿರ್ಧರಿಸಿದೆ. ನಿಯಮ ಅಡ್ಡ ಬಂದರೆ ನಿಯಮವನ್ನೇ ಬದಲಿಸಿದರಾಯಿತು.

ವಾರ್ಷಿಕ ಸಭೆ ಈಜುಕೊಳದ ಪಕ್ಕದ ಕ್ಲಬ್‌ಹೌಸಿನಲ್ಲಿ. ಬಂದವರನ್ನು ಎರಡು ಸೋಫಾದಲ್ಲಿ ಕೂರಿಸಬಹುದಿತ್ತು. ನಾನು ಎದ್ದು ಸ್ವಂತ ಆಸ್ತಿ, ಸ್ವಾತಂತ್ರ್ಯ ಎಂದೆಲ್ಲ ಶುರುಮಾಡಿದೆ. ಮೂಲೆಯಲ್ಲಿದ್ದ ನಿವೃತ್ತ ತಾತ "ಪಾಯಿಂಟ್ ಆಫ್ ಆರ್ಡರ್" ಎಂದು ಕೈಯೆತ್ತಿದರು. ಅವರ ತೊಡೆಯ ಮೇಲೆ 'ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್' ಇತ್ತು. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರ್ ಚರ್ಚಿನ ಸಭೆಯೊಂದರ ಅಧ್ಯಕ್ಷತೆ ವಹಿಸಿ, ಅದು ಕೈಮೀರಿ ಗದ್ದಲವಾಗಿ, ಆ ಅವಮಾನಕ್ಕೆ ಸಭಾನಡಾವಳಿಯನ್ನೇ ಅಧ್ಯಯನ ಮಾಡಿ 1876ರಲ್ಲಿ ಹೊರತಂದ ಪುಸ್ತಕ. ಅದರ ಪ್ರಕಾರ ಠರಾವಿಲ್ಲದೆ ಭಾಷಣವಿಲ್ಲ. ಸರಿ, ಠರಾವು ಮಂಡಿಸಿದೆ. ಅನುಮೋದಿಸುವವರು ಯಾರು? ಮೌನ. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ತೆಲುಗರು ಕೈಯೆತ್ತಿದರು. ಅಧ್ಯಕ್ಷರು ಅದನ್ನು ಅನುಮೋದನೆ ಎಂದು ಬರೆದುಕೊಂಡರು. ಟಾಯ್ಲೆಟ್ ಯಾವ ಕಡೆ ಎಂದು ಕೇಳಲು ಎತ್ತಿದ ಕೈ ಅದೆಂದು ಆಮೇಲೆ ತಿಳಿಯಿತು.

ಇಷ್ಟಾದ ಮೇಲೆ ಅಧ್ಯಕ್ಷರು ಸಾವಕಾಶವಾಗಿ ಹೇಳಿದರು: ಈ ಸಭೆಗೆ ಸಿಸಿಆರ್ ತಿದ್ದುವ ಅಧಿಕಾರವೇ ಇಲ್ಲ. ಟೆಕ್ಸಾಸಿನ ಆಸ್ತಿ ಸಂಹಿತೆಯಂತೆ ಸಂಘದ ಒಟ್ಟು ಓಟುಗಳಲ್ಲಿ ಶೇ. 67 ಬೇಕು. ಬಂದವರಲ್ಲಿ 67 ಅಲ್ಲ, ಇರುವವರಲ್ಲಿ 67. ನಮ್ಮ ಬಡಾವಣೆಯಲ್ಲಿ 300 ಮನೆ, 201 ಓಟು. ಮಲಗಿದವನು, ಊರಿಗೆ ಹೋದವನು, ಲಕೋಟೆ ಒಡೆಯದವನು ಎಲ್ಲರೂ ವಿರೋಧಿಗಳೇ. ಬಾಡಿಗೆಗೆ ಕೊಟ್ಟ ಮನೆಗಳ ಮಾಲೀಕರು ಎಲ್ಲೋ ಇರುವ ಹೂಡಿಕೆ ಕಂಪನಿಗಳು. ಕಂಪನಿಯ ಮನೆಬಾಗಿಲು ತಟ್ಟುವುದು ಹೇಗೆ?

ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. "ಕೊಟ್ಟಿಗೆ ಕಟ್ಟೋಕೆ ಇನ್ನೂರು ಜನರ ಓಟಾ ಮಾರಾಯ? ಇಲ್ಲಿ ಅಷ್ಟು ಓಟಿಗೆ ಪಂಚಾಯ್ತಿ ಮೆಂಬರ್ ಆಗ್ತಿದ್ದೆ ನೀನು."

ಅದೇ ವಾರ ಆಲಿಕಲ್ಲು ಬಿತ್ತು. ನಿಂಬೆಹಣ್ಣಿನ ಗಾತ್ರದ್ದು. ಹೊರಗಿದ್ದ ಎರಡೂ ಕಾರಿನ ಬಾನೆಟ್ಟು ಪಡ್ಡಿನ ಕಾವಲಿಯಾಯಿತು. ಶೆಡ್ಡಿಗೆ ಒಂದು ಗೀರೂ ಬೀಳಲಿಲ್ಲ. ಆ ದಿನ ಮನೆಯಲ್ಲಿ ನಡೆದ ಮಾತುಕತೆಗೆ ರಾಬರ್ಟ್ಸ್ ರೂಲ್ಸ್ ಅನ್ವಯವಾಗಲಿಲ್ಲ.

ಆಲಿಕಲ್ಲಿನ ಮರುದಿನ ಈ ಊರುಗಳಿಗೆ ರೂಫಿಂಗ್ ಕಂಪನಿಗಳ ಹುಡುಗರು ಲಗ್ಗೆ ಹಾಕುತ್ತಾರೆ. ಪೋಲೊ ಅಂಗಿ, ಕೈಯಲ್ಲಿ ಕ್ಲಿಪ್‌ಬೋರ್ಡು, ಮುಖದಲ್ಲಿ ಅನುಕಂಪ. ನಾನು ಸಹಿ ಸಂಗ್ರಹಕ್ಕೆ ಹೊರಟದ್ದೂ ಪೋಲೊ ಅಂಗಿಯಲ್ಲಿ, ಕ್ಲಿಪ್‌ಬೋರ್ಡು ಹಿಡಿದು. ಡೋರ್‌ಬೆಲ್ಲಿನ ಕ್ಯಾಮೆರಾದೊಳಗಿಂದ ಬರುವ ದನಿ ಎಲ್ಲ ಕಡೆ ಒಂದೇ: "ನಮಗೆ ರೂಫರ್ ಸಿಕ್ಕಿದ್ದಾನೆ, ಥ್ಯಾಂಕ್ಯೂ." ನಾನು ಕ್ಯಾಮೆರಾಕ್ಕೆ ಬಾಗಿ, ನಾನು ರೂಫರ್ ಅಲ್ಲ, ಅದೇ ಬೀದಿಯವನು ಎಂದು ನಗುತ್ತಿದ್ದೆ. ನನ್ನ ಆ ನಗುವಿನ ವೀಡಿಯೊ ಬಡಾವಣೆಯ ಗುಂಪಿನಲ್ಲಿ "ಎಚ್ಚರಿಕೆ" ಎಂಬ ತಲೆಬರಹದಡಿ ಹರಿದಾಡಿತೆಂದು ಮಗ ಹೇಳಿದ.

ಬಾಗಿಲು ತೆರೆದವರೂ ಸುಮ್ಮನೆ ಸಹಿ ಹಾಕುತ್ತಿರಲಿಲ್ಲ. ಪಕ್ಕದ ತೆಲುಗರು ಕಾಫಿ ಕೊಟ್ಟು ಮೆಲ್ಲಗೆ ವಾಸ್ತು ತೆಗೆದರು. "ನಿಮ್ಮ ಶೆಡ್ಡು ನಮ್ಮ ಈಶಾನ್ಯಕ್ಕೆ ತಗುಲ್ತದಂಡಿ." ಈಶಾನ್ಯವನ್ನು ಸಿಸಿಆರ್ ಇಂಗ್ಲಿಷಿಗೆ ತರುವುದು ಹೇಗೆ? ಮಳೆನೀರಿನ ಹರಿವಿಗಾಗಿ ಪಕ್ಕದ ಬೇಲಿಯಿಂದ 5 ಅಡಿ ಅಂತರ, ಎಂದು ಕರಡಿಗೆ ಸೇರಿಸಿದೆ. ವಾಸ್ತುಪುರುಷನೂ ವಕೀಲನೂ ಒಪ್ಪಿದರು. ನಿಜ ಹೇಳಬೇಕೆಂದರೆ, ಆ ವಾಕ್ಯ ಬರೆದಾಗ ನನಗೊಂದು ಅಮಲೇರಿತು.

ಎದುರು ಮನೆಯ ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ಬೆಂಕಿ ಹರಡಬಾರದಲ್ಲ, ಮನೆಗೂ ಶೆಡ್ಡಿಗೂ 10 ಅಡಿ ಇರಲಿ ಎಂದರು. ಧಾರಾಳವಾಗಿ ಎಂದೆ. ಹಿಂದಿನ ಬೀದಿಯ ಅಜ್ಜಿಗೆ ಅಡುಗೆಮನೆ ಕಿಟಕಿಯಿಂದ ಶೆಡ್ಡು ಕಾಣಬಾರದು. ಎತ್ತರ 8 ಅಡಿ ಮೀರದಂತೆ, ಸುತ್ತ ನಿತ್ಯಹಸಿರು ಪೊದೆ ಕಡ್ಡಾಯ. ಮನೆ ಮಾರಿಸಿಕೊಡುವ ಏಜೆಂಟಮ್ಮ ಆಸ್ತಿಬೆಲೆಯ ಮಾತೆತ್ತಿದರು: ಶೆಡ್ಡಿನ ಗೋಡೆ ಮನೆಯ ಇಟ್ಟಿಗೆಗೆ, ಚಾವಣಿ ಮನೆಯ ಶಿಂಗಲ್ಸಿಗೆ ಹೊಂದಬೇಕು. ಹೊಂದಲಿ ಬಿಡಿ ಎಂದೆ. ವಿದ್ಯುತ್ ಕಂಪನಿಯಲ್ಲಿ ದುಡಿದು ನಿವೃತ್ತರಾದವರೊಬ್ಬರು, ತಂತಿ, ಕೊಳವೆಗಳಿಗೆಂದು ಬಿಟ್ಟ ಜಾಗದ, ಅಂದರೆ ಯುಟಿಲಿಟಿ ಈಸ್‌ಮೆಂಟ್ ಮೇಲೆ ಕಟ್ಟಬಾರದೆಂದು ಸೇರಿಸಿದರೆ ಇಡೀ ಬೀದಿಯ ಓಟು ತಾನು ಕೊಡಿಸುವೆನೆಂದರು. ಅಂಥ ಬಂಪರ್ ಬಿಡುವುದುಂಟೆ? ಸೇರಿಸಿದೆ. ಸಭೆಯ ತಾತ ಮಾತ್ರ ಏನೂ ಕೇಳದೆ ನನ್ನ ಅಲ್ಪವಿರಾಮಗಳನ್ನು ತಿದ್ದಿ ಸಹಿ ಹಾಕಿದರು.

ಅರ್ಧ ಪುಟದ ನನ್ನ ತಿದ್ದುಪಡಿ ಬೆಳೆದು ಪುಟಗಟ್ಟಲೆಯಾಯಿತು. ರಾತ್ರಿ ಊಟವಾದ ಮೇಲೆ ಅದನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ. "ಚೆನ್ನಾಗಿದೆ. ನಮ್ಮ ಶೆಡ್ಡಿಗೆ ಇಟ್ಟಿಗೆ ಎಲ್ಲಿದೆ?" ಎಂದು ಒಮ್ಮೆ ಕೇಳಿದಳು. ನಾನು ಆಗ 'ತಕ್ಕಮಟ್ಟಿಗೆ' ಎಂಬ ಪದದ ಜಾಗ ಹುಡುಕುವುದರಲ್ಲಿದ್ದೆ.

ತಿದ್ದುಪಡಿ ಪಾಸಾಯಿತು. ಹೂಡಿಕೆ ಕಂಪನಿಯೊಂದು ತನ್ನ ಮನೆಗಳ ಓಟುಗಳನ್ನೆಲ್ಲ ಒಂದೇ ಲಕೋಟೆಯಲ್ಲಿ ಕಳಿಸಿತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಕೌಂಟಿಯಲ್ಲಿ ನೋಂದಣಿಯೂ ಆಯಿತು. ಗಾಳಿಗೆ ಹಾರದಂತೆ ಶೆಡ್ಡಿಗೆ ಬೇರು ಬೇಕಲ್ಲ, ಅಗೆಯುವ ಮುನ್ನ ದೇಶದಲ್ಲೆಲ್ಲ ಮಾಡುವಂತೆ 811ಕ್ಕೆ ಫೋನು ಮಾಡಿದೆ. ಅವರು ಬಂದು ನೆಲದೊಳಗಿನ ತಂತಿ, ಕೊಳವೆ ಗುರುತಿಸಿ ಪುಟ್ಟ ಬಾವುಟ ನೆಟ್ಟು ಹೋಗುತ್ತಾರೆ. ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ. ಸಂಜೆ ಹಿತ್ತಲಿಗೆ ಹೋದರೆ ಹಿಂದಿನ ಬೇಲಿಯುದ್ದಕ್ಕೂ ಹಳದಿ, ಕೆಂಪು, ಹಳದಿ, ಕೆಂಪು. ವೀಡಿಯೊ ಕಾಲ್‌ನಲ್ಲಿದ್ದ ಅಪ್ಪ, "ಈಗಲೇ ರಾಜ್ಯೋತ್ಸವನಾ?" ಎಂದರು.

ಬಾವುಟಗಳಿದ್ದದ್ದು ಈಸ್‌ಮೆಂಟಿನೊಳಗೆ. ಅದೆಷ್ಟು ಅಗಲ ಎಂದು ನೋಡಲು ಮನೆ ಕೊಂಡಾಗ ಕೊಟ್ಟ ಸರ್ವೇ ನಕ್ಷೆ ಬೇಕು; ನಕ್ಷೆ ಗ್ಯಾರೇಜಿನಲ್ಲಿ, ಶೆಡ್ಡಿನ ಪೆಟ್ಟಿಗೆಗಳ ಹಿಂದೆ. ಮಗನನ್ನು ಸೂಟ್‌ಕೇಸುಗಳ ಮೇಲೆ ಹತ್ತಿಸಿ ತೆಗೆಸಿದೆ. ಹಿತ್ತಲಿನ ಉದ್ದ 24 ಅಡಿ. ಹಿಂದೆ ಈಸ್‌ಮೆಂಟ್ 10. ಮುಂದೆ ಅಗ್ನಿಶಾಮಕರ 10. ಎರಡೂ ಕಳೆದರೆ ನನ್ನ ಸ್ವಾತಂತ್ರ್ಯಕ್ಕೆ ಉಳಿದದ್ದು 4 ಅಡಿಯ ಪಟ್ಟಿ, ಅದರಲ್ಲೇ ನಿತ್ಯಹಸಿರು ಪೊದೆಯೂ ಬೆಳೆಯಬೇಕು. ಎಂಟಡಿ ಅಗಲದ ಶೆಡ್ಡನ್ನು ಅಲ್ಲಿ ಮಲಗಿಸಿದರೂ ಹಿಡಿಯದು, ಹಿಡಿದರೂ ಅದು ಇಟ್ಟಿಗೆಯದಲ್ಲ. ವಿನಾಯ್ತಿ ಕೋರಿ ಅರ್ಜಿ ಹಾಕಿದೆ. ಅರ್ಜಿ ತಿರಸ್ಕೃತ, ಕಾರಣವಾಗಿ ನಾನೇ ಬರೆದ ವಾಕ್ಯಗಳನ್ನು ಉದ್ಧರಿಸಿದ್ದರು. ವಾಕ್ಯಗಳು ನಿಜಕ್ಕೂ ಚೆನ್ನಾಗಿದ್ದವು, ಎಲ್ಲೂ ನುಸುಳಲು ಸಂದಿಯಿರಲಿಲ್ಲ.

ಮೊದಲ ಶೆಡ್ಡು ಎದ್ದದ್ದು ಹಿಂದಿನ ಬೀದಿಯ ಅಜ್ಜಿಯ ಹಿತ್ತಲಲ್ಲಿ. ನಮ್ಮ ಅಡುಗೆಮನೆ ಕಿಟಕಿಯಿಂದ ಪೂರ್ತಿ ಕಾಣುತ್ತದೆ, ಪೊದೆ ಇನ್ನೂ ಮೊಣಕಾಲೆತ್ತರ.

ನನ್ನದನ್ನು ಅರ್ಧ ಬೆಲೆಗೆ ಮಾರಿದೆ. ಊರಾಚೆಯಿಂದ ಪಿಕಪ್ ತಂದಿದ್ದ ರೈತನೊಬ್ಬ, ಕೊಂಡು ಜೋಡಿಸಲೇ ಇಲ್ಲವೇಕೆ ಎಂದು ಕೇಳಿದ. ಸಿಸಿಆರ್, ಶೇ. 67, ಈಸ್‌ಮೆಂಟ್ ಎಂದು ನಾನು ಶುರುಮಾಡುವಷ್ಟರಲ್ಲಿ ಹಗ್ಗ ಬಿಗಿದು ಹೊರಟಿದ್ದ. ಪೆಟ್ಟಿಗೆಗಳು ಹೋದ ಜಾಗಕ್ಕೆ ಹೆಂಡತಿಯ ಕಾರು ಸರಿಯಾಗಿ ಹಿಡಿಯಿತು.

ಮೊನ್ನೆ ಕನ್ನಡ ಕೂಟದ ಹೊಸ ಅಧ್ಯಕ್ಷರು ಫೋನು ಮಾಡಿದ್ದರು. "ಸಾರ್, ನಿಮ್ಮ ಕಡೆ ಶೆಡ್ಡಿಗೆ ಪರ್ಮಿಷನ್ ಆಯ್ತಂತೆ, ನೀವೇ ಓಡಾಡಿ ಮಾಡಿಸಿದ್ರಂತೆ! ನಮ್ಮ ರಾಜ್ಯೋತ್ಸವದ ಸ್ಟೇಜ್ ಸೆಟ್ಟು ಇಡೋಕೆ ಜಾಗ ಇಲ್ಲದೆ ಒದ್ದಾಡ್ತಿದ್ವಿ. ಸಿಂಹಾಸನ, ಆನೆ, ಹೊಯ್ಸಳ ಕಂಬ ಆರು. ಎಲ್ಲ ಥರ್ಮೋಕೋಲು, ಭಾರ ಇಲ್ಲ."

ಇಲ್ಲ ಎನ್ನುವಷ್ಟರಲ್ಲಿ ಅವರು ಮೀಟಿಂಗಿನಲ್ಲಿ ನನಗೆ ಅಭಿನಂದನಾ ಠರಾವು ಪಾಸಾದ ಸುದ್ದಿ ಹೇಳಿದರು. ಅನುಮೋದಿಸಿದವರು ಬೇರೆ ಇದ್ದರಂತೆ. ಟ್ರಕ್ಕು ಭಾನುವಾರ ಬೆಳಿಗ್ಗೆ ಬರುತ್ತದೆ.